ತೊಟ್ಟಿಲಿಗೆ ಬರದವರು

ನಮ್ಮ ಕಡೆ ಕೂಸು ಹುಟ್ಟಿದ ಕೂಡಲೇ ಮನೆಯವರಲ್ಲಿ ಒಬ್ಬರಾಗುತ್ತಿರಲಿಲ್ಲ. ಅದಕ್ಕೆ ಹನ್ನೆರಡು ದಿನ ಬೇಕಿತ್ತು. ಅಲ್ಲಿಯವರೆಗೆ ಕೂಸು ಜೋಳ ಕೇರುವ ಮೊರದಲ್ಲಿ, ಹಳೆಯ ಧೋತರದ ಮಡಿಕೆಯ ಮೇಲೆ ಮಲಗಿರುತ್ತಿತ್ತು. ಐದನೆಯ ದಿನ ಶೆಟಗವ್ವ ಬಂದು ಹಣೆಬರಹ ಬರೆದು ಹೋಗುತ್ತಾಳೆಂದು ಪೂಜೆ ಮಾಡುತ್ತಿದ್ದರು. ಹನ್ನೆರಡನೆಯ ದಿನ ಓಣಿಯ ಹೆಂಗಸರೆಲ್ಲ ಸೇರಿ ತೊಟ್ಟಿಲಿಗೆ ಹಾಕಿ, ಕಿವಿಯಲ್ಲಿ ಹೆಸರು ಕೂಗಿ, ಗುಗ್ಗರಿ ಹಂಚಿದ ಮೇಲೆ ಅದು ಲೆಕ್ಕಕ್ಕೆ ಬರುತ್ತಿತ್ತು. ಅದಕ್ಕೂ ಮೊದಲೇ ಹೋದರೆ ಹೆಸರಿಲ್ಲ, ತಿಥಿಯಿಲ್ಲ, ಅದರ ಮಾತು ತೆಗೆಯುವವರೂ ಇಲ್ಲ. ‘ಉಳೀಲಿಲ್ಲ’ ಎಂದು ಹೇಳಿ, ಹಾಲು ಬತ್ತಲೆಂದು ಬಾಣಂತಿಯ ಎದೆಗೆ ಬಿಗಿಯಾಗಿ ಅರಿವೆ ಕಟ್ಟುತ್ತಿದ್ದರು. ಇದನ್ನು ನನಗೆ ಯಾರೂ ಕೂರಿಸಿ ಹೇಳಿಕೊಟ್ಟದ್ದಲ್ಲ. ಆ ಊರಲ್ಲಿ ಬೆಳೆದವರಿಗೆ ಇದು ತಾನಾಗಿ ಗೊತ್ತಿರುತ್ತಿತ್ತು.

ವಿಜಾಪುರ ಜಿಲ್ಲೆಯ ಇಂಡಿ ನಮ್ಮೂರು. ಮನೆಯಲ್ಲಿ ನಾವಿಬ್ಬರೇ ಮಕ್ಕಳು, ಇಬ್ಬರೂ ಹೆಣ್ಣು. ಅಪ್ಪ ಸಾಲಿ ಮಾಸ್ತರರು. ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಅವಳನ್ನು ಮುದ್ದೇಬಿಹಾಳದ ಹತ್ತಿರದ ಒಂದು ಹಳ್ಳಿಗೆ ಕೊಟ್ಟಿದ್ದರು. ಮನೆತನ ಒಳ್ಳೆಯದು, ಎರೆ ಹೊಲ ಸಾಕಷ್ಟಿತ್ತು, ಭಾವ ಮೆತ್ತನೆಯ ಮನುಷ್ಯ. ಚೊಚ್ಚಲ ಹೆರಿಗೆಗೆ ಅಕ್ಕ ತವರಿಗೆ ಬಂದಾಗ ನಾನು ಹತ್ತನೆಯ ಇಯತ್ತೆಯಲ್ಲಿದ್ದೆ. ಹೆಣ್ಣು ಕೂಸು, ತಲೆ ತುಂಬ ಕಪ್ಪು ಕೂದಲು. ಸಾಲಿಯಿಂದ ಬಂದವಳೇ ಚೀಲ ಎಸೆದು ಮೊರದ ಮುಂದೆ ಕೂತುಬಿಡುತ್ತಿದ್ದೆ. ಆರನೆಯ ದಿನ ಅದು ಮೊಲೆ ಹಿಡಿಯಲಿಲ್ಲ, ಬಾಯಿ ಬಿಗಿದುಕೊಂಡಿತು. ಏಳನೆಯ ದಿನ ಬಾಗಿಲ ಚಿಲಕದ ಸಪ್ಪಳಕ್ಕೂ ಅದರ ಮೈ ಬಿಲ್ಲಿನ ಹಾಗೆ ಹಿಂದಕ್ಕೆ ಬಾಗುತ್ತಿತ್ತು. ಬಾಲಗ್ರಹ ಬಡಿದಿದೆ ಎಂದರು. ಎಂಟನೆಯ ದಿನ ಅಪ್ಪ ಅದನ್ನು ಧೋತರದ ತುಂಡಿನಲ್ಲಿ ಸುತ್ತಿ ಊರ ಹೊರಗೆ ಒಯ್ದರು. ಬಂದು ಸ್ನಾನ ಮಾಡಿ ಸಾಲಿಗೆ ಹೋದರು. ಅವ್ವ ಮೊರವನ್ನು ತೊಳೆದು ಬಿಸಿಲಿಗಿಟ್ಟಳು. ಮುಂದಿನ ವಾರ ಅದರಲ್ಲೇ ಜೋಳ ಕೇರಿದಳು.

ಎರಡನೆಯದು ಗಂಡು, ಅಕ್ಕನ ಗಂಡನ ಮನೆಯಲ್ಲೇ ಆಯಿತು. ಹತ್ತು ದಿನಕ್ಕೆ ಭಾವನ ಕಾರ್ಡು ಬಂತು: ‘ಉಳಿಯಲಿಲ್ಲ. ಆಕೆ ಕ್ಷೇಮ.’ ನಾನಾಗ ಮೆಡಿಕಲ್ ಕಾಲೇಜಿನ ಮೊದಲ ವರ್ಷದಲ್ಲಿ ಎಲುಬುಗಳ ಹೆಸರು ಬಾಯಿಪಾಠ ಮಾಡುತ್ತಿದ್ದೆ. ಅಪ್ಪ ತಮ್ಮ ಪತ್ರದ ಜೊತೆ ಕಳಿಸಿದ್ದ ಆ ಕಾರ್ಡನ್ನು ಪುಸ್ತಕದೊಳಗಿಟ್ಟು ಓದು ಮುಂದುವರಿಸಿದೆ. ಇಂಡಿಯ ಕಡೆಯಿಂದ ಡಾಕ್ಟರಿಕೆ ಓದಲು ಹೋದ ಹುಡುಗಿಯರು ಆಗ ಬೆರಳೆಣಿಕೆಯಷ್ಟು. ನನಗೆ ಅದರ ಸೊಕ್ಕು ಇತ್ತು. ಈಗ ಎಪ್ಪತ್ತು ದಾಟಿದ ಮೇಲೆ ಒಪ್ಪಿಕೊಂಡರೆ ಯಾರೇನು ಮಾಡುತ್ತಾರೆ.

ಎಪ್ಪತ್ತರ ದಶಕದ ನಡುವೆ, ನಾನು ನಾಲ್ಕನೆಯ ವರ್ಷದಲ್ಲಿದ್ದಾಗ, ನಮ್ಮ ಕಾಲೇಜಿಗೆ ಹೊರದೇಶದಿಂದ ಒಬ್ಬ ಪ್ರೊಫೆಸರ್ ಬಂದರು. ಜೊತೆಗೆ ನನ್ನದೇ ವಯಸ್ಸಿನ ಅವರ ವಿದ್ಯಾರ್ಥಿನಿ ಒಬ್ಬಳು. ಬೇರೆ ಬೇರೆ ದೇಶಗಳಲ್ಲಿ ಡಾಕ್ಟರಿಕೆ ಓದುವ ಮಕ್ಕಳು ಒಟ್ಟಿಗೆ ಕೂತು ಜಗತ್ತಿನ ಆರೋಗ್ಯವನ್ನು ಕಲಿಯಬೇಕು, ಹಳ್ಳಿಗಳಿಗೆ ಹೋಗಿ ಕಲಿಯಬೇಕು ಎಂಬುದು ಅವರ ಪಾಠ. ರೋಗಿ ದವಾಖಾನೆಗೆ ಬರುವ ಮೊದಲು ಎಲ್ಲಿದ್ದ ಎಂದು ಕೇಳಿರಿ ಎನ್ನುತ್ತಿದ್ದರು. ಅಂಥ ಮಾತನ್ನು ನಮ್ಮ ಮಾಸ್ತರರ ಬಾಯಲ್ಲಿ ಕೇಳಿರಲಿಲ್ಲ, ನನಗೆ ಬಹಳ ಹಿಡಿಸಿತು.

ಆ ವರ್ಷದ ಕೆಲಸ ಹಸುಗೂಸುಗಳ ಧನುರ್ವಾಯುವಿನದು. ಹೊಕ್ಕಳಬಳ್ಳಿಯನ್ನು ಹೊಲಸು ಕುಡಗೋಲಿನಿಂದ ಕೊಯ್ದು ಕುಳ್ಳಿನ ಬೂದಿ ಹಚ್ಚಿದರೆ ನಂಜು ಒಳಗೆ ಹೋಗುತ್ತದೆ, ಎಂಟು ದಿನದೊಳಗೆ ಕೂಸು ಸಾಯುತ್ತದೆ. ಬಸುರಿಗೆ ಒಂದು ತಿಂಗಳ ಅಂತರದಲ್ಲಿ ಎರಡು ಸೂಜಿ ಮಾಡಿದರೆ ಕೂಸು ಉಳಿಯುತ್ತದೆ. ಆದರೆ ಎಲ್ಲ ಕಡೆಗೆ ಸಾಲುವಷ್ಟು ಮದ್ದು ಇರಲಿಲ್ಲ. ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ಈ ನಾಲ್ಕು ತಾಲೂಕುಗಳಲ್ಲಿ ಮನೆಮನೆಗೆ ಹೋಗಿ, ಎಷ್ಟು ಮಕ್ಕಳು ಹುಟ್ಟಿವೆ, ಎಷ್ಟು ಸತ್ತಿವೆ ಎಂದು ಫಾರ್ಮು ತುಂಬಬೇಕು. ಎಲ್ಲಿ ಹೆಚ್ಚು ಸತ್ತಿರುತ್ತವೋ ಅಲ್ಲಿಗೆ ಮೊದಲು ಸೂಜಿ.

ಆ ಭಾಗದವಳು ನಾನೊಬ್ಬಳೇ ಎಂದು ನನ್ನನ್ನು ದುಭಾಷಿಯಾಗಿ ಆರಿಸಿದರು. ನಾವು ಹೊರಡುವ ವಾರವೇ ಅವ್ವನ ಪತ್ರ ಬಂದಿತ್ತು. ಅಕ್ಕ ಮತ್ತೆ ನಾಲ್ಕು ತಿಂಗಳ ಬಸುರಿ.

ಓದುವವರು ಕೇಳಬಹುದು, ಇಷ್ಟೆಲ್ಲ ಕಲಿತವಳಿಗೆ ನಿನ್ನ ಅಕ್ಕನ ಕೂಸುಗಳು ನೆನಪಾಗಲಿಲ್ಲವೇ ಎಂದು. ಆಗಲಿಲ್ಲ. ನಮ್ಮ ಪುಸ್ತಕದಲ್ಲಿ ಧನುರ್ವಾಯುವಿನ ಚಿತ್ರವಿತ್ತು, ಯಾವುದೋ ಯುದ್ಧದಲ್ಲಿ ಗಾಯಗೊಂಡ ಸಿಪಾಯಿಯದು. ನಮ್ಮ ಮನೆಯ ಮೊರದಲ್ಲಿದ್ದದ್ದು ಬಾಲಗ್ರಹ. ಎರಡೂ ನನ್ನ ತಲೆಯಲ್ಲಿ ಬೇರೆ ಬೇರೆ ಕೋಣೆಯಲ್ಲಿದ್ದವು.

ಸಂಕ್ರಾಂತಿ ಮುಗಿದ ಮೇಲೆ ಜೀಪು ಇಂಡಿಗೆ ಬಂತು. ಸರಕಾರದ ಜೀಪು ಕಂಡರೆ ಮಕ್ಕಳಾಗದಂತೆ ಆಪರೇಶನ್ ಮಾಡಲು ಬಂದರೆಂದು ಜನ ಜೋಳದ ಹೊಲ ಹೊಕ್ಕು ಅಡಗುತ್ತಿದ್ದ ಕಾಲ ಅದು. ಅದಕ್ಕೇ ಇಂಡಿ ಮತ್ತು ಸಿಂದಗಿಯ ಹಳ್ಳಿಗಳಿಗೆ ಒಬ್ಬ ನರ್ಸಬಾಯಿಯನ್ನು ಜೊತೆ ಮಾಡಿಕೊಟ್ಟರು. ಐವತ್ತರ ಹತ್ತಿರದ ಹೆಂಗಸು. ಬಾಯಲ್ಲಿ ಸದಾ ಎಲೆಅಡಿಕೆ, ಕಂಕುಳಲ್ಲಿ ತಗಡಿನ ಪೆಟ್ಟಿಗೆ. ಅರ್ಧ ಸೀಮೆಯ ಹೆರಿಗೆ ಮಾಡಿಸಿದವಳು. ಅವಳು ಮುಂದೆ ನಡೆದರೆ ಬಾಗಿಲು ತೆರೆಯುತ್ತಿದ್ದವು.

ಆದರೆ ಅವಳು ಫಾರ್ಮಿನಲ್ಲಿದ್ದ ಪ್ರಶ್ನೆ ಕೇಳುತ್ತಲೇ ಇರಲಿಲ್ಲ. ಪಡಸಾಲೆಯಲ್ಲಿ ಕಾಲು ಚಾಚಿ ಕೂತು, ಎದುರಿನವಳ ಮೊರ ಎಳೆದುಕೊಂಡು ತಾನೂ ಹರಳು ಆರಿಸುತ್ತ ಕೇಳುತ್ತಿದ್ದಳು:

“ಯವ್ವಾ, ಬಾಣಂತಿ ನೀರು ಎಷ್ಟ ಸಲ ಹೊಯ್ಕೊಂಡೀ?”

“ನಾಕ ಸಲರಿ.”

“ತೊಟ್ಟಲಕ್ಕ ಎಷ್ಟ ಬಂದ್ವು?”

“ಎರಡರಿ.”

ಆಮೇಲೆ ಇಬ್ಬರೂ ಸುಮ್ಮನೆ ಹರಳು ಆರಿಸುತ್ತಿದ್ದರು. ಒಂದಿಷ್ಟು ಹೊತ್ತಾದ ಮೇಲೆ ನರ್ಸಬಾಯಿ, “ಉಳಿದ ಎರಡಕ್ಕ ಏನಾತವ್ವಾ?” ಎನ್ನುತ್ತಿದ್ದಳು. ಹೆಂಗಸು ಸೆರಗು ಬಾಯಿಗಿಟ್ಟುಕೊಂಡು ಹೇಳುತ್ತಿದ್ದಳು. ಬಾಣಂತಿ ನೀರೆಂದರೆ ಹೆತ್ತ ಮೇಲೆ ಹೊಯ್ಯುವ ಬಿಸಿನೀರು. ಕೂಸು ಉಳಿಯಲಿ ಬಿಡಲಿ, ಹೆತ್ತವಳಿಗೆ ಆ ನೀರು ತಪ್ಪುವುದಿಲ್ಲ. ತನ್ನ ಮೈಮೇಲೆ ಬಿದ್ದ ನೀರಿನ ಲೆಕ್ಕವನ್ನು ಯಾವ ಹೆಂಗಸೂ ಮರೆತಿರಲಿಲ್ಲ.

ನನಗೆ ಸಿಟ್ಟು ಬರುತ್ತಿತ್ತು. ಒಂದೊಂದು ಮನೆಗೆ ಅರ್ಧ ತಾಸು ಹಿಡಿಯುತ್ತಿತ್ತು. ಎಲ್ಲರಿಗೂ ಒಂದೇ ಪ್ರಶ್ನೆಯನ್ನು ಒಂದೇ ಮಾತಿನಲ್ಲಿ ಕೇಳಬೇಕು, ಇಲ್ಲದಿದ್ದರೆ ಒಂದು ತಾಲೂಕನ್ನು ಇನ್ನೊಂದರ ಜೊತೆ ಹೋಲಿಸಲಾಗದು ಎಂದು ಪ್ರೊಫೆಸರ್ ಹಲಗೆಯ ಮೇಲೆ ಬರೆದು ಕಲಿಸಿದ್ದರು. ಸಿಂದಗಿಯ ಹಳ್ಳಿಯೊಂದರಲ್ಲಿ ನಾನು ಬಾಯಿಬಿಟ್ಟೇ ಹೇಳಿದೆ.

“ಬಾಯಾರ, ಫಾರ್ಮಿನ್ಯಾಗ ಇದ್ದಂಗ ಕೇಳಬೇಕ್ರಿ. ಇದು ಶಾಸ್ತ್ರ ಐತಿ.”

ಅವಳು ಎಲೆಅಡಿಕೆ ಉಗುಳಿ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟಳು. “ತಂಗೀ, ಶಾಸ್ತ್ರ ನಿನ್ನ ಕಡೆ ಇಟಗೋ. ನಾ ಕೂಸಿನ ಸುದ್ದಿ ಕೇಳಾಕ ಬಂದೇನಿ.”

ಅವಳು ಹಾಗೆ ತಂಗಿ ಎಂದದ್ದೂ ನನಗೆ ಹಿಡಿಸಲಿಲ್ಲ. ಸಂಜೆ ಪ್ರೊಫೆಸರಿಗೆ ದೂರು ಹೇಳಿದೆ. ನರ್ಸಬಾಯಿ ಪ್ರಶ್ನೆ ಬದಲಿಸುತ್ತಿದ್ದಾಳೆ, ಉತ್ತರಗಳು ಕೆಡುತ್ತಿವೆ ಎಂದೆ. ಅವರು ಸ್ವಲ್ಪ ಯೋಚಿಸಿ, ತುಂಬಿದ ಫಾರ್ಮುಗಳು ಇರಲಿ, ಮುಂದಿನ ಎರಡು ತಾಲೂಕುಗಳಲ್ಲಿ ನೀವೇ ಕೇಳಿರಿ ಎಂದರು. ಮರುದಿನ ನರ್ಸಬಾಯಿಗೆ ಕೈಮುಗಿದು ಸಿಂದಗಿಯಲ್ಲೇ ಬಿಟ್ಟು ಹೊರಟೆವು. ನಾನು ಜೀಪಿನ ಮುಂದಿನ ಸೀಟಿನಲ್ಲಿ ಕೂತೆ.

ಬಸವನ ಬಾಗೇವಾಡಿಯ ಹಳ್ಳಿಗಳಲ್ಲಿ ಕೆಲಸ ಸರಸರ ಸಾಗಿತು. ಬಾಗಿಲಲ್ಲಿ ನಿಂತೇ ಕೇಳುತ್ತಿದ್ದೆ. ಮಕ್ಕಳೆಷ್ಟು ಹುಟ್ಟ್ಯಾವ? ಮೂರು. ಸತ್ತದ್ದು? ಇಲ್ಲರಿ. ಇದ್ದಾರ ಎಲ್ಲಾರೂ. ದಿನಕ್ಕೆ ಎರಡು ಊರು ಮುಗಿಯುತ್ತಿದ್ದವು.

ಒಂದು ಮನೆಯಲ್ಲಿ ಹದಿನೆಂಟು ಹತ್ತೊಂಬತ್ತರ ಸೊಸೆ ಬಾಗಿಲಿಗೆ ಬಂದಳು. ಮಕ್ಕಳಿಲ್ಲ ಎಂದಳು. ನಾನು ಸೊನ್ನೆ ಬರೆದು ತಿರುಗುವಷ್ಟರಲ್ಲಿ ಹೊರದೇಶದ ಹುಡುಗಿ ನನ್ನ ತೋಳು ಹಿಡಿದಳು. ಆ ಸೊಸೆಯ ಖಣದ ಕುಪ್ಪಸ ಎದೆಯ ಮೇಲೆ ಎರಡೂ ಕಡೆ ಒದ್ದೆಯಾಗಿತ್ತು. ಅದು ಹಾಲಲ್ಲವೇ, ಕೂಸು ಎಲ್ಲಿದೆ, ಕೇಳು ಎಂದಳು ಇಂಗ್ಲಿಷಿನಲ್ಲಿ.

ನಾನೂ ನೋಡಿದ್ದೆ. ನೋಡಿದ ಕ್ಷಣವೇ ನನಗೆ ಎಲ್ಲ ಗೊತ್ತಾಗಿತ್ತು. ಆದರೆ ಹೊರಗಿನವಳೊಬ್ಬಳು ನಮ್ಮ ಹೆಂಗಸಿನ ಎದೆ ನೋಡಿ ಲೆಕ್ಕ ಹಾಕುತ್ತಿದ್ದಾಳಲ್ಲ ಎಂದು ಮೈ ಉರಿಯಿತು. ನಮ್ಮ ಮನೆಯ ದುಃಖವನ್ನು ಇವಳ ದೇಶದ ಪುಸ್ತಕಕ್ಕೆ ನಾನೇಕೆ ಕೊಡಬೇಕು? ಎಮ್ಮೆ ಹಿಂಡಿ ಬಂದಿದ್ದಾಳೆ, ಹಾಲು ಚೆಲ್ಲಿಕೊಂಡಿದ್ದಾಳೆ ಎಂದು ಹೇಳಿದೆ. ಅವಳು ನನ್ನ ಮುಖ ನೋಡಿದಳು. ಆ ಮನೆಯ ಅಂಗಳದಲ್ಲಿ ಎಮ್ಮೆ ಇರಲಿಲ್ಲ.

ಮುದ್ದೇಬಿಹಾಳದ ಪಟ್ಟಿಯಲ್ಲಿ ಅಕ್ಕನ ಊರೂ ಇತ್ತು. ಜೀಪು ಬಾಗಿಲಿಗೆ ಬಂದದ್ದೇ ದೊಡ್ಡ ಸಂಭ್ರಮ. ಭಾವ ಪ್ರೊಫೆಸರಿಗೆ ಮಂಚದ ಮೇಲೆ ಜಮಖಾನೆ ಹಾಸಿದರು. ಅಕ್ಕನ ಅತ್ತೆ ಚಹಾ ಮಾಡಿಸಿದರು. ನಮ್ಮ ಸೊಸಿಯ ತಂಗಿ ಡಾಕ್ಟರ ಆಗ್ತಾಳ ಎಂದು ಓಣಿಗೆಲ್ಲ ಕೇಳುವಂತೆ ಹೇಳಿದರು. ಅಕ್ಕ ಇಳಕಲ್ ಸೀರೆಯ ಸೆರಗನ್ನು ಹೊಟ್ಟೆಯ ಮೇಲೆ ಹೊದ್ದು ಕಂಬಕ್ಕೆ ಆತು ನಿಂತಿದ್ದಳು. ಈ ಮನೆಯನ್ನೂ ಕೇಳಬೇಕು, ಬಂಧುಗಳೆಂದು ಬಿಡಬಾರದು ಎಂದರು ಪ್ರೊಫೆಸರ್. ನಾನು ಫಾರ್ಮು ತೆಗೆದೆ.

“ಅಕ್ಕಾ, ನಿನಗ ಈವರೆಗೆ ಎಷ್ಟು ಮಕ್ಕಳು ಹುಟ್ಟ್ಯಾವ?”

ನಾನು ಚೇಷ್ಟೆ ಮಾಡುತ್ತಿದ್ದೇನೆಂದು ಅಕ್ಕ ಮೊದಲು ನಕ್ಕಳು. ನಗು ಹಾಗೇ ನಿಂತಿತು. ಅವಳು ಅತ್ತೆಯ ಮುಖ ನೋಡಿದಳು.

“ಇನ್ನೂ ಎಲ್ಲಿ ಬಂತವ್ವಾ. ಇದ ಮೊದಲನೇದ,” ಎಂದರು ಅತ್ತೆ. “ಬಸರ ಹೆಂಗಸಿನ ಮುಂದ ಬ್ಯಾರೆ ಮಾತ ತಗೀಬ್ಯಾಡ.”

ಅಕ್ಕ ನನ್ನನ್ನೇ ನೋಡುತ್ತ, “ಇಲ್ಲ. ಒಂದೂ ಇಲ್ಲ,” ಎಂದಳು.

ಸತ್ತವು ಎಷ್ಟು ಎಂಬ ಎರಡನೆಯ ಪ್ರಶ್ನೆಯನ್ನು ನಾನು ಓದಲೇ ಇಲ್ಲ. ಎರಡೂ ಕಡೆ ಸೊನ್ನೆ ಬರೆದೆ. ಮೊರದ ಮುಂದೆ ಕೂತು ನೋಡಿದ್ದ ಕಪ್ಪು ಕೂದಲಿನ ಕೂಸಿಗೂ ಸೊನ್ನೆ, ಕಾರ್ಡಿನಲ್ಲಿ ಬಂದ ಕೂಸಿಗೂ ಸೊನ್ನೆ. ಇದು ಸುಳ್ಳು ಎಂದು ಆಗ ನನಗೆ ಅನ್ನಿಸಲೂ ಇಲ್ಲ. ಅವು ತೊಟ್ಟಿಲಿಗೆ ಬಂದಿರಲಿಲ್ಲವಲ್ಲ.

ಹೊರಡುವ ಮೊದಲು ಅಕ್ಕ ನನ್ನನ್ನು ಅಡಿಗೆಮನೆಗೆ ಕರೆದಳು. ಶೇಂಗಾ ಚಟ್ನಿಯ ಗಂಟು ಕೈಗೆ ಕೊಟ್ಟು, ದನಿ ಇಳಿಸಿ ಕೇಳಿದಳು.

“ಈ ಸಲ ಏನರ ಮಾಡಾಕ ಬರ್ತೈತೇನ? ನೀ ಡಾಕ್ಟರ ಕಲಿಯಾಕತ್ತೀಯಲಾ.”

“ಏನೂ ಆಗೂದಿಲ್ಲ, ಹೆದರಬ್ಯಾಡ. ಬಸುರ್ಯಾರಿಗೆ ಸೂಜಿ ಬರಾಕತ್ತಾವ. ಎರಡು ಸೂಜಿ ಮಾಡಿಸಿಕೊ, ಸಾಕು.”

“ನಮ್ಮೂರಿಗೂ ಬರ್ತಾವ?”

“ಬರ್ತಾವ,” ಎಂದೆ.

ವಾರ ಕಳೆದ ಮೇಲೆ ವಿಜಾಪುರದಲ್ಲಿ ಎಲ್ಲ ಫಾರ್ಮುಗಳನ್ನು ಕೂಡಿಸಿ ನೋಡಿದೆವು. ಪ್ರೊಫೆಸರ್ ಗೋಡೆಗೆ ಜಿಲ್ಲೆಯ ನಕಾಶೆ ಹಚ್ಚಿದ್ದರು. ಇಂಡಿ ಮತ್ತು ಸಿಂದಗಿಯ ಮೇಲೆ ಕೆಂಪು ಪೆನ್ಸಿಲಿನ ಗೆರೆಗಳೇ ಗೆರೆಗಳು. ಬಾಗೇವಾಡಿ, ಮುದ್ದೇಬಿಹಾಳ ಖಾಲಿ. ಈ ಎರಡು ತಾಲೂಕುಗಳಲ್ಲಿ ಸೂಲಗಿತ್ತಿಯರು ಏನೋ ಒಳ್ಳೆಯ ಪದ್ಧತಿ ಇಟ್ಟುಕೊಂಡಿರಬೇಕು, ಅದನ್ನು ಬೇರೆಯಾಗಿ ಅಭ್ಯಾಸ ಮಾಡಬೇಕು ಎಂದು ಅವರು ಖುಷಿಯಿಂದ ಹೇಳಿದರು. ನನ್ನ ಫಾರ್ಮುಗಳು ಚೊಕ್ಕಟವಾಗಿವೆ ಎಂದು ಹೊಗಳಿದರು.

ಆಮೇಲೆ ಹೊರದೇಶದ ಹುಡುಗಿ ಸಿಂದಗಿಯ ತಾಯಂದಿರು ನರ್ಸಬಾಯಿಗೆ ಹೇಳಿದ್ದನ್ನು ಒಂದೊಂದಾಗಿ ಓದಿದಳು. ಸಿಂದಗಿಯಲ್ಲಿ ಅದನ್ನು ಇಂಗ್ಲಿಷಿಗೆ ಮಾಡಿ ಬರೆದುಕೊಟ್ಟವಳು ನಾನೇ, ಅವಸರದಲ್ಲಿ, ಸಿಟ್ಟಿನಲ್ಲಿ. ಅವಳ ಬಾಯಲ್ಲಿ ಕೇಳಿದಾಗ ಬೇರೆಯಾಗಿ ಕೇಳಿಸಿತು. ಆರನೆಯ ದಿನ ಮೊಲೆ ಬಿಟ್ಟಿತು. ಬಾಯಿ ಬಿಗಿದುಕೊಂಡಿತು. ಬಾಗಿಲು ಸಪ್ಪಳವಾದರೂ ಮೈ ಬಿಲ್ಲಾಗುತ್ತಿತ್ತು. ನಮ್ಮ ಮನೆಯ ಚಿಲಕದ ಸಪ್ಪಳ ನನಗೆ ಅಲ್ಲೇ ಕೇಳಿಸಿತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಾರೆ. ನನಗೆ ಸಮುದ್ರದಾಚೆಯಿಂದ ಕನ್ನಡಿ ಬರಬೇಕಾಯಿತು.

ಓದು ಮುಗಿಸಿದ ಆ ಹುಡುಗಿ ನನ್ನ ಕಡೆ ತಿರುಗಿ, ಬಾಗೇವಾಡಿಯ ಆ ಸೊಸೆಯ ವಿಷಯ ಇನ್ನೊಮ್ಮೆ ಯೋಚಿಸು ಎಂದಳು. ಪ್ರೊಫೆಸರ್ ನನ್ನ ಉತ್ತರಕ್ಕೆ ಕಾದರು. ಆಗ ಹೇಳಬಹುದಿತ್ತು. ನನ್ನ ಸೊನ್ನೆಗಳೆಲ್ಲ ಸುಳ್ಳು, ನನ್ನ ಅಕ್ಕನ ಎರಡು ಕೂಸು ಹೀಗೇ ಸತ್ತಿವೆ ಎಂದು. ಹೇಳಲಿಲ್ಲ. ಎಮ್ಮೆಯ ಸುಳ್ಳು ಬಯಲಾಗುತ್ತದೆ, ನರ್ಸಬಾಯಿಯ ಮೇಲೆ ಹೇಳಿದ ದೂರು ನನ್ನ ಮೇಲೇ ಬರುತ್ತದೆ, ಹೊಗಳಿದವರೇ ಉಗುಳುತ್ತಾರೆ ಎಂದು ಹೆದರಿದೆ. ಇಷ್ಟು ವರ್ಷ ಆ ಗಳಿಗೆಯನ್ನು ಮಗುಚಿ ಹಾಕಿ ನೋಡಿದ್ದೇನೆ. ಹೆದರಿಕೆ ಮತ್ತು ಸೊಕ್ಕು ಬಿಟ್ಟರೆ ಅದರಲ್ಲಿ ಬೇರೇನೂ ಇಲ್ಲ. ಸೂಜಿಯ ಮದ್ದು ಈ ವರ್ಷ ಇಂಡಿಗೆ, ಸಿಂದಗಿಗೆ ಎಂದು ಬರೆದರು. ಉಳಿದೆರಡು ತಾಲೂಕುಗಳನ್ನು ಮುಂದೆ ನೋಡೋಣ ಎಂದರು.

ಹಾಸ್ಟೆಲಿಗೆ ಹೋದವಳೇ ಭಾವನಿಗೆ ಪತ್ರ ಬರೆದೆ. ಅಕ್ಕನಿಗೆ ಧನುರ್ವಾಯುವಿನ ಸೂಜಿಯನ್ನು ಎರಡು ಸಲ ತಪ್ಪದೆ ಮಾಡಿಸಿರಿ, ಹತ್ತಿರದ ಸರಕಾರಿ ದವಾಖಾನೆಯಲ್ಲಿ ಕೇಳಿರಿ ಎಂದು ಕೆಳಗೆ ಎರಡು ಗೆರೆ ಎಳೆದು ಬರೆದೆ. ಸರಿ ಎಂದು ಉತ್ತರ ಬಂತು. ನಾನು ನಿಶ್ಚಿಂತಳಾದೆ. ಪರೀಕ್ಷೆ ಹತ್ತಿರ ಬಂದಿತ್ತು. ಇಂಡಿಯಿಂದ ಒಂದು ಬಾಟಲಿ ಮದ್ದು ಒಯ್ದು ನಾನೇ ಸೂಜಿ ಮಾಡಿ ಬರಬಹುದಿತ್ತು, ಬಸ್ಸಿನ ಹಾದಿ ಅಷ್ಟೇನೂ ದೂರವಿರಲಿಲ್ಲ. ಪರೀಕ್ಷೆ ಮುಗಿಯಲಿ ಎಂದುಕೊಂಡೆ.

ಮುಂಗಾರು ಮಳೆ ಬೀಳುವ ಹೊತ್ತಿಗೆ ತಂತಿ ಬಂತು, ಕೂಸಿಗೆ ಆರಾಮಿಲ್ಲ ಎಂದು. ಬಸ್ಸು ಬದಲಿಸಿ ಬದಲಿಸಿ ಮುದ್ದೇಬಿಹಾಳಕ್ಕೆ ಬಂದು, ಕೆಸರಿನಲ್ಲಿ ನಡೆದು ಊರು ಮುಟ್ಟಿದಾಗ ಮಧ್ಯಾಹ್ನವಾಗಿತ್ತು. ಏಳನೆಯ ದಿನ. ಹೆಣ್ಣು ಕೂಸು. ಮೊರದಲ್ಲಿ ಮಲಗಿತ್ತು. ಅದಕ್ಕೂ ತಲೆ ತುಂಬ ಕೂದಲು.

ನಾನು ಬಾಗಿ ಗಲ್ಲ ಮುಟ್ಟಿದೆ. ಅಷ್ಟಕ್ಕೇ ಅದರ ಮುಷ್ಟಿಗಳು ಬಿಗಿದವು, ಬೆನ್ನು ಮೇಲೆದ್ದಿತು, ತುಟಿಗಳು ನಗುವಂತೆ ಹಿಂದಕ್ಕೆ ಎಳೆದುಕೊಂಡವು. ದನಿ ಬರಲಿಲ್ಲ. ಹೊಕ್ಕಳ ಮೇಲೆ ಬೂದಿ ಒಣಗಿತ್ತು. ಕೊಯ್ದದ್ದು ಯಾವುದರಿಂದ ಎಂದು ಕೇಳಿದೆ. “ಕುಡಗೋಲಿಲ್ಲೇ, ಮತ್ಯಾತರಲೆ?” ಎಂದರು ಅತ್ತೆ. ಮನೆಯಲ್ಲಿ ಯಾರೂ ಹೊಸ ತಪ್ಪು ಮಾಡಿರಲಿಲ್ಲ. ಅವರ ಅವ್ವ, ಅಜ್ಜಿ ಮಾಡಿದ್ದನ್ನೇ ಮಾಡಿದ್ದರು.

ವಿಜಾಪುರಕ್ಕೆ ಒಯ್ಯೋಣ ಎಂದೆ. ಪ್ರಯೋಜನವಿಲ್ಲವೆಂದು ನನಗೆ ಗೊತ್ತಿತ್ತು, ಆದರೂ ಏನಾದರೂ ಹೇಳಬೇಕಾಗಿತ್ತು. ಅತ್ತೆ ತಾಯಿತ ಕಟ್ಟುವವರನ್ನು ಕರೆಸಿದ್ದರು, ನಾನು ತಡೆಯಲಿಲ್ಲ. ನನ್ನ ಕೈಯಲ್ಲಾದರೂ ಏನಿತ್ತು. ಮರುದಿನ ಬೆಳಿಗ್ಗೆ ಭಾವ ಬಸ್ಸಿನ ಹಾದಿಯವರೆಗೆ ಹೋಗಲು ಗಾಡಿ ಹೂಡುತ್ತಿದ್ದರು. ಎತ್ತಿಗೆ ನೊಗ ಏರಿಸುವಷ್ಟರಲ್ಲಿ ಕೂಸು ಹೋಯಿತು. ಭಾವ ನೊಗ ಇಳಿಸಿ, ಒಳಗೆ ಬಂದು, ಧೋತರದ ತುಂಡು ಕೇಳಿದರು.

ಅಕ್ಕ ಅಳಲಿಲ್ಲ. ಅತ್ತೆ ಅವಳ ಎದೆಗೆ ಅರಿವೆ ಕಟ್ಟುವಾಗ ಕೈ ಎತ್ತಿ ನೆಟ್ಟಗೆ ಕೂತಿದ್ದಳು. ಅತ್ತೆ ಹೊರಗೆ ಹೋದ ಮೇಲೆ ನಾನು ಕೇಳಿದೆ.

“ಅಕ್ಕಾ, ಸೂಜಿ ಮಾಡಿಸಿಕೊಂಡಿದ್ದಿಲ್ಲೇನ?”

“ಹೋಗಿದ್ದೆ. ನಿನ್ನ ಪತ್ರ ಬಂದ ಮ್ಯಾಲ ಎರಡ ಸಲ ಹೋಗಿದ್ದೆ. ಬಿಸಿಲಾಗ ಗಾಡಿ ಮ್ಯಾಲ.” ಅವಳು ಗೋಡೆಯನ್ನು ನೋಡುತ್ತ ಹೇಳಿದಳು. “ಕಂಪೌಂಡರ ಅಂದ, ಇದ್ದ ಸೂಜಿ ಪೆಟ್ಟಾದವರಿಗೆ ಅಷ್ಟರಿ. ಬಸುರ್ಯಾರಿಗೆ ಕೊಡೂವು ಇಂಡಿಗೆ, ಸಿಂದಗಿಗೆ ಹೋಗ್ಯಾವ. ನಮ್ಮ ತಾಲೂಕಿನ್ಯಾಗ ಕೂಸು ಸಾಯೂದಿಲ್ಲ ಅಂತ ಡಾಕ್ಟರ ಕಲಿಯೋರು ಬಂದು ಬರಕೊಂಡು ಹೋಗ್ಯಾರ ಅಂದ.”

“ಯಾರು ಬರಕೊಂಡು ಹೋಗ್ಯಾರ ಅಂತ ನಾ ಕೇಳಲಿಲ್ಲ,” ಎಂದಳು ಅಕ್ಕ.

ಅವಳು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಮೂರು ದಿನ ಇದ್ದೆ, ನನ್ನ ಜೊತೆ ಮತ್ತೆ ಮಾತಾಡಲಿಲ್ಲ. ಹೊರಡುವ ದಿನ ಮೊರ ಬಿಸಿಲಿನಲ್ಲಿತ್ತು. ಅದನ್ನು ನೋಡಲಾಗದೆ ತಲೆ ತಗ್ಗಿಸಿ ದಾಟಿದೆ.

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುವುದು ನನ್ನಂಥವರನ್ನು ನೋಡಿಯೇ ಹುಟ್ಟಿರಬೇಕು. ಕಾಲೇಜಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಪ್ರೊಫೆಸರ್ ತಮ್ಮ ದೇಶಕ್ಕೆ ಹೋಗಿಯಾಗಿತ್ತು, ಅವರಿಗೂ ಉದ್ದ ಪತ್ರ ಬರೆದೆ. ಬೈದವರು ಬೈದರು. ಆ ಪಾಠದಲ್ಲಿ ನನಗೆ ಕೊಟ್ಟಿದ್ದ ಅಂಕ ಹಿಂದಕ್ಕೆ ತೆಗೆದುಕೊಂಡರು, ಸರಿಯಾಗಿಯೇ ಮಾಡಿದರು. ಆಮೇಲೆ ರಜೆ ಹಾಕಿ ಸಿಂದಗಿಗೆ ಹೋಗಿ ನರ್ಸಬಾಯಿಯ ಬಾಗಿಲಲ್ಲಿ ನಿಂತೆ. ನಿಂತಲ್ಲೇ ಎಲ್ಲ ಒದರಿದೆ. ಅವಳು ನನ್ನ ಮಾತು ಮುಗಿಯುವವರೆಗೆ ಅಡಿಕೆ ಕತ್ತರಿಸುತ್ತಿದ್ದಳು.

“ಒಳಗ ಬಾ. ಚಾ ಕುಡಿ,” ಎಂದಳು. “ನಾಳೆ ಮುಂಜಾನೆ ಬಾಗೇವಾಡಿ ಬಸ್ಸಿಗೆ ಹೋಗೂಣು.”

ಆ ಮಳೆಗಾಲದಲ್ಲಿ ಜೀಪಿಲ್ಲದೆ, ಬಸ್ಸಿನಲ್ಲಿ, ಗಾಡಿಯಲ್ಲಿ, ಕಾಲ್ನಡಿಗೆಯಲ್ಲಿ ಅವವೇ ಮನೆಗಳಿಗೆ ಮತ್ತೆ ಹೋದೆವು. ಒದ್ದೆ ಕುಪ್ಪಸದ ಆ ಸೊಸೆ ಮತ್ತೆ ಬಸುರಿಯಾಗಿದ್ದಳು. ಬಾಣಂತಿ ನೀರು ಎಷ್ಟು ಸಲ ಎಂದು ನರ್ಸಬಾಯಿ ಕೇಳಿದಾಗ, “ಒಂದ ಸಲರಿ. ನೀವು ಹ್ವಾದ ಸಲ ಬಂದಾಗ ಅದು ಹೋಗಿ ನಾಕ ದಿನ ಆಗಿತ್ತರಿ,” ಎಂದು ನನ್ನ ಕಡೆ ನೋಡಿದಳು. ನನ್ನ ಖಾಲಿ ಎರಡು ತಾಲೂಕುಗಳು ತುಂಬುತ್ತ ಬಂದವು. ತುಂಬುತ್ತ ಬಂದಂತೆ ನನಗೆ ಊಟ ಸೇರದಾಯಿತು. ಅಕ್ಕನ ಊರಿಗೆ ಮಾತ್ರ ನಾನು ಹೋಗಲಿಲ್ಲ, ನರ್ಸಬಾಯಿ ಒಬ್ಬಳೇ ಹೋಗಿಬಂದಳು. ಆ ಮನೆಯಲ್ಲಿ ನಿಮ್ಮ ಅಕ್ಕ ಮಾತಾಡಲಿಲ್ಲ, ಫಾರ್ಮು ಹಾಗೇ ಬಿಟ್ಟಿದ್ದೇನೆ ಎಂದಳು.

ಮುಂದಿನ ವರ್ಷ ಯುಗಾದಿಯ ನಂತರ ಬಾಗೇವಾಡಿಗೂ ಮುದ್ದೇಬಿಹಾಳಕ್ಕೂ ಸೂಜಿ ಬಂದವು. ನಾನು ಓದು ಮುಗಿಸಿ ದವಾಖಾನೆಯ ತರಬೇತಿಯಲ್ಲಿದ್ದೆ. ಆ ಕೆಲಸಕ್ಕೆ ನನ್ನನ್ನೇ ಕಳಿಸಿರಿ ಎಂದು ಕೇಳಿಕೊಂಡು ಬಂದೆ. ಅಕ್ಕನ ಊರಲ್ಲಿ ಸಾಲಿಯ ಕಟ್ಟೆಯ ಮೇಲೆ ಟೇಬಲ್ಲು ಹಾಕಿಕೊಂಡು ಕೂತಿದ್ದೆವು. ನರ್ಸಬಾಯಿ ಸೂಜಿ ಮಾಡುತ್ತಿದ್ದಳು, ನಾನು ಹೆಸರು ಬರೆದುಕೊಳ್ಳುತ್ತಿದ್ದೆ. ಸಾಲಿನಲ್ಲಿ ಅಕ್ಕ ಕಂಡಳು. ಅವಳ ನೆಗೆಣ್ಣಿ, ಭಾವನ ತಮ್ಮನ ಹೆಂಡತಿ, ಐದು ತಿಂಗಳ ಬಸುರಿ. ಅವಳ ಕೈ ಹಿಡಿದು ಕರೆದುಕೊಂಡು ಬಂದಿದ್ದಳು. ಹಿಂದೆ ಅತ್ತೆಯೂ ಇದ್ದರು. ಅಕ್ಕ ತಾನು ಬಸುರಿಯಾಗಿರಲಿಲ್ಲ. ಮುಂದೆಯೂ ಆಗಲಿಲ್ಲ.

ಹೆದರಿದ್ದ ನೆಗೆಣ್ಣಿಯ ತೋಳನ್ನು ಅಕ್ಕನೇ ಹಿಡಿದು ಸೂಜಿ ಮಾಡಿಸಿದಳು. ಇನ್ನೊಂದು ಸೂಜಿ ಯಾವಾಗ ಎಂದು ನರ್ಸಬಾಯಿಯನ್ನು ಎರಡು ಸಲ ಕೇಳಿ ಗಟ್ಟಿ ಮಾಡಿಕೊಂಡಳು. ಆಮೇಲೆ ನನ್ನ ಟೇಬಲ್ಲಿನ ಮುಂದೆ ಬಂದು ನಿಂತಳು.

“ನನ್ನೂ ಕೇಳು,” ಎಂದಳು.

ಹತ್ತು ತಿಂಗಳಲ್ಲಿ ನನ್ನ ಜೊತೆ ಆಡಿದ ಮೊದಲ ಮಾತು. ಖಾಲಿ ಫಾರ್ಮೊಂದನ್ನು ತೆಗೆದು ಕೇಳಿದೆ.

“ಅಕ್ಕಾ, ಬಾಣಂತಿ ನೀರು ಎಷ್ಟ ಸಲ ಹೊಯ್ಕೊಂಡೀ?”

“ಮೂರ ಸಲ.”

ಹಿಂದೆ ನಿಂತ ಅತ್ತೆ ಏನೋ ಹೇಳಲು ಬಾಯಿ ತೆರೆದರು. ನರ್ಸಬಾಯಿ ಅವರ ಕಡೆ ನೋಡಿದಳು. ತೊಟ್ಟಿಲಿಗೆ ಎಷ್ಟು ಬಂದವು ಎಂದು ನಾನು ಕೇಳಲಿಲ್ಲ. ಮೂರು ಎಂದು ಬರೆದೆ.

“ಹೆಸರು ಬರಕೋ,” ಎಂದಳು ಅಕ್ಕ.

ಫಾರ್ಮಿನಲ್ಲಿ ಅದಕ್ಕೆ ಜಾಗವಿರಲಿಲ್ಲ. ಪಕ್ಕದ ಬಿಳಿ ಅಂಚಿನಲ್ಲಿ ಬರೆದುಕೊಂಡೆ. ಎರಡು ಹೆಣ್ಣಿನ ಹೆಸರು, ಒಂದು ಗಂಡಿನ ಹೆಸರು. ಮೊರದಲ್ಲಿ ಮಲಗಿದ್ದಾಗಲೇ ಯಾರಿಗೂ ಹೇಳದೆ ಅವಳು ಇಟ್ಟಿದ್ದಳು. ಮೊದಲನೆಯದರ ಮುಂದೆ ದಿನವೂ ಸಾಲಿ ಬಿಟ್ಟು ಬಂದು ಕೂರುತ್ತಿದ್ದ ನನಗೂ ಅದರ ಹೆಸರು ಗೊತ್ತಾದದ್ದು ಆವತ್ತೇ.